ಕಲ್ಲಿನ ನಾಲ್ಕನೇ ಸಾಲು

ಎಸುವಾನೊ
ಮಂಗಳವಾರ, 14 ನವೆಂಬರ್ 2023

ಮುದ್ದು ಮಾನ್ಸಾ,

ಶನಿವಾರದಿಂದ ನೀನು ಹನ್ನೊಂದು ಸಲ ಫೋನು ಮಾಡಿದ್ದೀಯ. ನಾನು ಎತ್ತಲಿಲ್ಲ. ಅಮ್ಮನಿಗೆ ತಲೆನೋವಂತೆ ಎಂದು ಪಕ್ಕದ ಮನೆಯವಳ ಕೈಲಿ ಹೇಳಿಸಿದೆ. ಅದು ಸುಳ್ಳು. ತಲೆ ಚೆನ್ನಾಗಿಯೇ ಇದೆ, ಕೈ ಮಾತ್ರ ನಿಲ್ಲುತ್ತಿಲ್ಲ. ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ. ಮೂವತ್ತಾರು ವರ್ಷ ಕಪ್ಪುಹಲಗೆಯ ಮೇಲೆ ನೆಟ್ಟಗೆ ಬರೆದವಳು ಈಗ ಗೆರೆ ಎಳೆದ ಕಾಗದದಲ್ಲೂ ಸೊಟ್ಟಗೆ ಬರೆಯುತ್ತಿದ್ದೇನೆ. ನಗಬೇಡ.

ವ್ಯಾನಿನಲ್ಲಿ ಎರಡು ಗಂಟೆ ಕೂತರೆ ನಿನ್ನ ಕಚೇರಿಗೇ ಬಂದು ಹೇಳಬಹುದಿತ್ತು. ಹೇಳಲಾರೆ. ಈ ಮಾತನ್ನು ಬಾಯಿಂದ ಆಡಬಾರದು ಎಂಬುದು ನಮ್ಮ ಊರಿನ ಕಾನೂನು. ಬರೆಯಬಾರದು ಎಂದು ಯಾರೂ ಹೇಳಿಲ್ಲ, ಏಕೆಂದರೆ ಕಾನೂನು ಮಾಡಿದ ಹಿರಿಯರಿಗೆ ಬರೆಯಲು ಬರುತ್ತಿರಲಿಲ್ಲ. ಆ ಸಂದಿಯಲ್ಲಿ ನುಸುಳುತ್ತಿದ್ದೇನೆ. ಇವತ್ತು ಮಂಗಳವಾರ, ದೋಣಿಗಳು ಕಡಲಿಗೆ ಇಳಿದಿಲ್ಲ, ಮೀನು ಒಣಗಿಸುವ ಒಲೆಗಳಿಗೂ ರಜೆ. ಅಂಗಳದಲ್ಲಿ ಹೊಗೆ ಇಲ್ಲದೆ ಕಣ್ಣು ಬಿಟ್ಟು ಕೂರಬಹುದಾದ ದಿನ ವಾರಕ್ಕೆ ಇದೊಂದೇ.

ನಿನಗೆ ಏಳು ವರ್ಷವಿದ್ದಾಗ ನಾನು ಒಂದೇ ಒಂದು ಸಲ ಕೆನ್ನೆಗೆ ಹೊಡೆದದ್ದು ನೆನಪಿದೆಯೆ? ಬಾವಿಕಟ್ಟೆಯ ಹತ್ತಿರ ಆಡುತ್ತಿದ್ದಾಗ ನೀನು ಜೊತೆಯ ಹುಡುಗಿಯನ್ನು, "ನಿಮ್ಮಜ್ಜಿ ಎಲ್ಲಿಯವಳೇ?" ಎಂದು ಕೇಳಿದೆ. ಎರಡು ದಿನ ನೀನು ನನ್ನ ಜೊತೆ ಮಾತು ಬಿಟ್ಟೆ. ಯಾಕೆ ಹೊಡೆದೆ ಎಂದು ಕೇಳಿದ್ದಕ್ಕೆ, ದೊಡ್ಡವರನ್ನು ಕೇಳುವ ರೀತಿ ಅದಲ್ಲ ಎಂದು ಏನೋ ಹಾರಿಕೆಯ ಉತ್ತರ ಕೊಟ್ಟೆ. ನಿಜ ಇಷ್ಟೇ: ಇನ್ನೊಬ್ಬರ ಮೂಲ ಕೆದಕಬಾರದು. ಅವರ ಅಜ್ಜಿ ಯಾವ ಊರವಳು, ಹೇಗೆ ಬಂದಳು, ನಡೆದು ಬಂದಳೋ ಕಟ್ಟಿ ತಂದರೋ, ಕೇಳುವಂತಿಲ್ಲ. ಕೇಳಿದವರು ಊರಿನ ಮುಖ್ಯಸ್ಥರ ಅಂಗಳದಲ್ಲಿ ಒಂದು ಕುರಿ ಕೊಡಬೇಕು. ನಾನು ಹುಡುಗಿಯಾಗಿದ್ದಾಗ ಒಬ್ಬ ದೊಡ್ಡ ಮನುಷ್ಯ ಕುಡಿದ ಅಮಲಿನಲ್ಲಿ ಬಾಯಿ ಜಾರಿ, ಕುರಿ ಕೊಟ್ಟು ಎಲ್ಲರ ಕಾಲಿಗೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಪುರಸಭೆಯ ಪುಸ್ತಕದಲ್ಲಿ ಇದು ಬರೆದಿಲ್ಲ. ಆದರೂ ಊರು ನಡೆಯುವುದು ಇದರ ಮೇಲೆ.

ಸ್ಮರಣ ಸಮಿತಿಗೆ ನೀನು ಕಾರ್ಯದರ್ಶಿಯಾದಾಗ ನಾನು ಹಿಗ್ಗಿ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಗುಲಾಮರನ್ನು ಕೂಡಿಹಾಕಿದ್ದ ಕೋಟೆ ನೋಡಲು ಸಮುದ್ರದಾಚೆಯಿಂದ ಬಂದವರು ಅತ್ತರೆ ಬೆನ್ನು ಸವರಿ ಕಳಿಸುವ ಊರು ನಮ್ಮದು. ಹಡಗು ಹತ್ತಿಸಿದವರಿಗಾಗಿ ಅಳುತ್ತೇವೆ, ನಮ್ಮ ಮನೆಗಳಲ್ಲೇ ಕೊಂಡು ಇಟ್ಟುಕೊಂಡವರ ಬಗ್ಗೆ ಯಾಕೆ ತುಟಿ ಬಿಚ್ಚುವುದಿಲ್ಲ ಎಂದು ನೀನು ಸಭೆಯಲ್ಲಿ ಕೇಳಿದೆಯಂತೆ. ಅಧ್ಯಕ್ಷ ಓಕ್ರನ್ ಬಂದು ಹೇಳಿದ, "ಟೀಚರಮ್ಮಾ, ನಿಮ್ಮ ಮಗಳು ನಮ್ಮನ್ನೆಲ್ಲ ಬೆಂಚಿನ ಮೇಲೆ ನಿಲ್ಸಿಬಿಟ್ಲು!" ಆಗ ಮನಸ್ಸಿನಲ್ಲಿ ಸಣ್ಣಗೆ ಒಂದು ಹೆದರಿಕೆ ಹೊಕ್ಕಿತು. ಹುಡುಗಿ ಹಳೆ ಕಾಗದ ತಡಕಿ ಸುಸ್ತಾಗಿ ಬಿಡುತ್ತಾಳೆ ಎಂದು ಸುಮ್ಮನಾದೆ. ನಾನೇ ಪಾಠ ಹೇಳಿದ ಹುಡುಗಿ ಸುಸ್ತಾಗುವವಳಲ್ಲ ಎಂಬುದು ನನಗೆ ತಿಳಿದಿರಬೇಕಿತ್ತು.

ಈಗ ಶನಿವಾರದ ಮಾತು. ನೀನು ಅದನ್ನು ವೇದಿಕೆಯ ಮೇಲಿಂದ ಕಂಡೆ. ಕುರ್ಚಿಯಲ್ಲಿ ಕೂತವಳು ಏನು ಕಂಡಳು ಎಂದು ಹೇಳುತ್ತೇನೆ.

ಚಪ್ಪರದ ಕೆಳಗೆ ಮೊದಲ ಸಾಲಿನಲ್ಲಿ ಮನೆಮನೆಯ ಹಿರಿಯಮ್ಮಂದಿರನ್ನು ಕೂರಿಸಿದ್ದಿರಿ. ಬೊಂಜಿ ಮನೆಯ ಹಿರಿಯಮ್ಮ ನಾನು, ಹಾಗಾಗಿ ನನಗೆ ಕೈ ಇರುವ ಕುರ್ಚಿ. ನೀಲಿ ಬಟ್ಟೆ ಉಟ್ಟು, ನಿನ್ನ ಅಪ್ಪ ಕೊಡಿಸಿದ ಮಣಿಸರ ಹಾಕಿ, ಮಗಳು ಮಾತಾಡುವುದನ್ನು ನೋಡಲು ಸಡಗರದಿಂದ ಕೂತಿದ್ದೆ. ಓಕ್ರನ್ ಮೂರು ನಿರ್ಣಯ ಓದಿದ. ಲಗೂನಿನ, ಆ ಉಪ್ಪು ಹಿನ್ನೀರಿನ, ಆಚೆ ಪಾಳು ಬಿದ್ದಿರುವ, ಕೊಂಡು ತಂದವರನ್ನು ಹೂಳುತ್ತಿದ್ದ ಜಾಗಕ್ಕೆ ದಾರಿ ಮತ್ತು ಬೇಲಿ. ಅಲ್ಲಿ ಹೆಸರುಗಳ ಕಲ್ಲು. ಮೂರನೆಯದು, ಅವರ ವಂಶದವರು ಯಾವ ಮನೆಯಲ್ಲಿದ್ದರೂ ಹಿರಿಯರ ಪೀಠಕ್ಕೆ, ಅಂದರೆ ಆ ಮನೆಯ ಹಿರಿತನಕ್ಕೆ, ಹಕ್ಕುದಾರರು ಎಂದು ಮನೆಮನೆಯವರು ಒಪ್ಪಿ ಸಹಿ ಹಾಕುವುದು. ಮೊದಲ ಎರಡಕ್ಕೆ ಚಪ್ಪಾಳೆ ಬಿತ್ತು. ಮೂರನೆಯದಕ್ಕೆ ಕೆಮ್ಮು ಬಂತು. ಹಿರಿಯರೊಬ್ಬರು ಎದ್ದು, "ನಮ್ಮೂರಲ್ಲಿ ಅಂಥೋರು ಯಾರೂ ಇಲ್ವಲ್ಲ, ಇಲ್ದೆ ಇರೋರಿಗೆ ಹಕ್ಕು ಯಾಕೆ?" ಅಂದರು. ಅದಕ್ಕೆ ಶುಕ್ರವಾರ ಮತ ಎಂದು ಮುಂದೆ ಹಾಕಿದಿರಿ.

ಆಮೇಲೆ ನೀನು ಮೈಕು ಹಿಡಿದೆ. ಎಲ್ಲ ಮನೆಗಳೂ ಅಳುಕುತ್ತಿರುವುದರಿಂದ ನನ್ನ ಮನೆಯಿಂದಲೇ ಶುರುಮಾಡುತ್ತೇನೆ ಎಂದೆ. ಮಿಷನ್ ಚರ್ಚಿನ ಹಳೆಯ ದೀಕ್ಷಾಸ್ನಾನದ ಪುಸ್ತಕದಿಂದ ಓದಿದೆ: ದೋರ್ಕಾಸ್, ಮೊದಲಿನ ಹೆಸರು ಲಾರಿಬಾ, ವಯಸ್ಸು ಸುಮಾರು ಒಂಬತ್ತು, ಉತ್ತರದ ಸಂತೆಯಲ್ಲಿ ಬೊಂಜಿ ಮನೆಯವರು ಕೊಂಡದ್ದು.

ಮಾನ್ಸಾ, ಎಪ್ಪತ್ತನಾಲ್ಕು ವರ್ಷದಲ್ಲಿ ಆ ಹೆಸರನ್ನು ಜೋರಾಗಿ ಯಾರೂ ಕರೆದದ್ದು ಕೇಳಿರಲಿಲ್ಲ. ಎರಡು ದೊಡ್ಡ ಸ್ಪೀಕರುಗಳಲ್ಲಿ, ಸಮುದ್ರದವರೆಗೂ ಕೇಳುವಂತೆ, ನನ್ನ ಮಗಳ ದನಿಯಲ್ಲಿ. ಅವಳ ಮಕ್ಕಳ ಹೆಸರಿರಬೇಕಾದ ಹಾಳೆ ಇಲ್ಲ, ಗೆದ್ದಲು ತಿಂದಿರಬೇಕು, ಆದ್ದರಿಂದ ಅವಳಿಗೆ ಸಂತಾನವಿಲ್ಲವೆಂದೇ ತಿಳಿಯಬೇಕಾಗಿದೆ ಎಂದು ನೀನು ಹೇಳಿದೆ. ಇರಬಹುದು. ಚರ್ಚಿನ ಕಪಾಟಿನಲ್ಲಿ ಗೆದ್ದಲಿಗೇನೂ ಬರವಿಲ್ಲ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನೀನು ಹಿತ್ತಾಳೆ ಬೋಗುಣಿಯಲ್ಲಿ ನೀರು ತರಿಸಿ ಮೊಣಕಾಲೂರಿದೆ. "ಕೊಂಡ ಮನೆಯ ಮಗಳಾಗಿ ಕ್ಷಮೆ ಕೇಳ್ತೀನಿ. ಲಾರಿಬಾಳ ಸಂಬಂಧ ಅನ್ನೋರು ಯಾರಾದ್ರೂ ಇಲ್ಲಿದ್ರೆ ಮುಂದೆ ಬನ್ನಿ, ಕಾಲು ತೊಳೀತೀನಿ" ಅಂದೆ.

ಹಿಂದೆ ಕೂತಿದ್ದ ದೋಣಿಯವರಲ್ಲಿ ಒಬ್ಬ, "ನಾನೇ ಬರ್ತೀನಕ್ಕ, ಕಾಲು ಕೊಳಕಾಗೈತೆ!" ಎಂದು ಕೂಗಿದ. ಹುಡುಗರೆಲ್ಲ ನಕ್ಕರು, ನೀನೂ ನಕ್ಕೆ. ನಕ್ಕವರೆಲ್ಲ ನಲವತ್ತರ ಒಳಗಿನವರು, ಗಮನಿಸಿದೆಯಾ? ವಯಸ್ಸಾದವರು ಒಬ್ಬರೂ ನಗಲಿಲ್ಲ. ಮುಖ್ಯಸ್ಥರ ವಕ್ತಾರ ತನ್ನ ಬಾಯಿಗೆ ತಾನೇ ಅಂಗೈ ಅಡ್ಡ ಹಿಡಿದ. ನನ್ನ ಸಾಲಿನ ಮುದುಕಿಯರು ಕಾಲಬೆರಳಿನಿಂದ ಮರಳು ಕೆದಕುತ್ತ ಕೂತರು. ಒಬ್ಬರೂ ನನ್ನ ಕಡೆ ನೋಡಲಿಲ್ಲ. ಅವರು ನೋಡದೆ ಇದ್ದದ್ದರಿಂದಲೇ ನನಗೆ ಗೊತ್ತಾಯಿತು, ಎಲ್ಲರಿಗೂ ಗೊತ್ತು. ಇಷ್ಟು ವರ್ಷದಲ್ಲಿ ಊರು ಮರೆತಿರಬೇಕು ಎಂದುಕೊಂಡಿದ್ದವಳು ನಾನೊಬ್ಬಳೇ.

ಹೌದು ಮಗಳೇ. ಲಾರಿಬಾ ನನ್ನ ಅಜ್ಜಿಯ ತಾಯಿ. ನೀನು ಮೊಣಕಾಲೂರಿದ್ದು ಸರಿಯಾದ ಕಡೆಗೇ. ಆದರೆ ಕೊಂಡವರ ಪರವಾಗಿ ಕ್ಷಮೆ ಕೇಳಲು ನಿನಗೆ ಹಕ್ಕಿಲ್ಲ, ಕೊಂಡವರಲ್ಲಿ ಒಬ್ಬರೂ ಉಳಿದಿಲ್ಲ. ನಮ್ಮಲ್ಲಿ ವಂಶದ ಬಳಿ ನಡೆಯುವುದು ಹೆಣ್ಣಿನಿಂದ. ಸಾವಿರದ ಒಂಬೈನೂರ ಹದಿನೆಂಟರ ಜ್ವರದಲ್ಲಿ ಬೊಂಜಿ ಮನೆಯ ಹುಟ್ಟು ಹೆಣ್ಣುಮಕ್ಕಳು ಒಂದೇ ತಿಂಗಳಲ್ಲಿ ಹೋದರು. ಉಳಿದದ್ದು ಕೊಂಡು ತಂದವಳ ಮಗಳು, ನನ್ನಜ್ಜಿ. ಮನೆಯ ಬಾಗಿಲು ಮುಚ್ಚುವ ಬದಲು ಹಿರಿಯರು ಅವಳನ್ನೇ ಮನೆ ಮಾಡಿದರು. ಇವತ್ತಿನಿಂದ ಇವಳು ಬೊಂಜಿ, ಬೇರೆ ಅಂದವನು ಕುರಿ ಕೊಡತಕ್ಕದ್ದು ಎಂದು ತೀರ್ಮಾನವಾಯಿತು. ಊರು ಆ ಮಾತು ಉಳಿಸಿಕೊಂಡಿತು. ನೂರೈದು ವರ್ಷದ ಮೇಲೆ ಅದನ್ನು ಮುರಿದವಳು ನೀನು, ಅದೂ ಗೊತ್ತಿಲ್ಲದೆ, ಬೋಗುಣಿ ಹಿಡಿದುಕೊಂಡು.

ನನಗೆ ಗೊತ್ತಾದದ್ದು ಹದಿಮೂರನೇ ವಯಸ್ಸಿಗೆ. ಅಜ್ಜಿ ಒಂದು ಮಧ್ಯಾಹ್ನ ಕೈ ಹಿಡಿದು ಲಗೂನಿನ ಆಚೆ ಕರೆದುಕೊಂಡು ಹೋದಳು. ಕುರುಚಲು ಗಿಡಗಳ ಮಧ್ಯೆ, ಗುರುತೇ ಇಲ್ಲದ ಒಂದು ಜಾಗದಲ್ಲಿ ನಿಂತು, ಸೆರಗಿನಿಂದ ಒಂದು ಹಿಡಿ ಸಜ್ಜೆ ತೆಗೆದು ಹಾಕಿದಳು. "ಇವಳು ನನ್ನವ್ವ" ಅಂದಳು. ಅಷ್ಟೇ. ದಾರಿಯಲ್ಲಿ ಹುರಿದ ಬಾಳೆಹಣ್ಣು ಕೊಡಿಸಿದಳು, ಅದನ್ನು ತಿನ್ನುತ್ತ ಮನೆಗೆ ಬಂದೆವು.

ಹಬ್ಬದ ದಿನ ಹಿರಿಯರಿಗೆ ಗೆಣಸು ಮಸೆದು ಮೊಟ್ಟೆ ಇಟ್ಟ ಮೇಲೆ, ಹಿತ್ತಿಲ ನೀರಿನ ಗಡಿಗೆಯ ಬುಡಕ್ಕೆ ಒಂದು ಹಿಡಿ ಸಜ್ಜೆ ಹಾಕು ಎಂದು ನಿನಗೆ ಹೇಳುತ್ತಿದ್ದೆನಲ್ಲ. ಜೋಳದ ಕಡುಬು, ಮೀನು ಬಿಟ್ಟರೆ ಬೇರೆ ತಿನ್ನದ ಊರಿನಲ್ಲಿ ಸಜ್ಜೆ ಯಾಕಮ್ಮಾ ಎಂದು ನೀನು ಪ್ರತಿ ವರ್ಷ ಕೇಳಿದೆ. ಪಾರಿವಾಳಕ್ಕೆ ಎಂದು ನಾನು ಪ್ರತಿ ವರ್ಷ ಹೇಳಿದೆ. ಉತ್ತರದವರ ಊಟ ಅದು. ನಮ್ಮ ಮನೆಯಲ್ಲಿ ಪಾರಿವಾಳ ಯಾವತ್ತೂ ಇರಲಿಲ್ಲ.

ಶನಿವಾರದ ಇನ್ನೊಂದು ಮಾತು ಬಿಟ್ಟಿದ್ದೇನೆ. ಬೋಗುಣಿ ಹಿಡಿದು ನೀನು ಕಾಯುತ್ತಿದ್ದೆ, ನಾನು ಕುರ್ಚಿಯ ಕೈ ಹಿಡಿದು ಬೆವರುತ್ತಿದ್ದೆ, ಏಳಲಾಗದು, ಕೂರಲಾಗದು. ಆಗ ಸಾಲಿನ ಆ ತುದಿಯಿಂದ ಟಾವಿಯಾ ಕೋಲೂರಿಕೊಂಡು ಎದ್ದಳು. ನಲವತ್ತೊಂಬತ್ತು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟ ಟಾವಿಯಾ. ಚರ್ಚಿನ ಹಾಡಿನ ಮೇಳದಲ್ಲಿ ಮುಂದಿನ ಸಾಲಿಗೆ ನಿಲ್ಲುವ ಜಗಳ ಎಂದು ನಿನಗೆ ಹೇಳಿದ್ದೆ. ಇವಳೇ ಈಗ ಎಲ್ಲರೆದುರು ಬೆರಳು ತೋರಿಸುತ್ತಾಳೆ, ನನ್ನ ಕತೆ ಮುಗಿಯಿತು ಎಂದುಕೊಂಡೆ. ಅವಳು ನೆಟ್ಟಗೆ ನನ್ನ ಕಡೆಗೇ ಬಂದು, ಪಕ್ಕದ ಖಾಲಿ ಕುರ್ಚಿಯಲ್ಲಿ ದೊಪ್ಪನೆ ಕೂತು, ಚಪ್ಪರ ನೋಡಿಕೊಂಡು, "ಏನು ಬಿಸಿಲೇ ಇದು. ಆರಬಾ, ನೀರಿದ್ರೆ ಕೊಡೇ" ಅಂದಳು. ಪ್ಲಾಸ್ಟಿಕ್ ಪೊಟ್ಟಣದ ನೀರನ್ನು ಹಲ್ಲಿನಿಂದ ಹರಿದು ಕೊಟ್ಟೆ. ಅರ್ಧ ಕುಡಿದು ಅರ್ಧ ನನಗೇ ವಾಪಸು ಕೊಟ್ಟಳು. ಇಡೀ ಊರು ನಿನ್ನನ್ನು ಬಿಟ್ಟು ನಮ್ಮನ್ನು ನೋಡಿತು. ನೀನು ಮೈಕಿನಲ್ಲಿ, "ನೋಡಿ, ನಮ್ಮ ಸಮಿತಿ ಇಬ್ಬರು ಹಳೇ ವೈರಿಗಳನ್ನ ಒಂದು ಮಾಡ್ತು" ಎಂದು ತಮಾಷೆ ಮಾಡಿದೆ. ನಗು ಎದ್ದು, ಮಾತು ಬೇರೆ ಕಡೆ ಹೊರಳಿತು. ಅವಳು ಕಾನೂನು ಉಳಿಸಿದಳು ಮಾನ್ಸಾ. ನನ್ನನ್ನೂ ಉಳಿಸಿದಳು. ಅದಕ್ಕೆ ನಾನು ಅರ್ಹಳಲ್ಲ.

ಭಾನುವಾರ ನಿನ್ನ ಸೋದರಮಾವ ಎಬೋ ಬಂದ. ಮನೆಯ ಯಜಮಾನನ ಕೋಲು ಹಿಡಿದೇ ಬಂದ, ಮನೆಯೊಳಗೆ ಅದನ್ನು ಯಾರು ಹಿಡಿಯುತ್ತಾರೆ ಹೇಳು.

"ಅಕ್ಕಾ, ಬರೋ ಶನಿವಾರ ಕಲ್ಲು ನಿಲ್ಸೋದೊಂದು ಕಳೆದು ಹೋಗ್ಲಿ. ಬಾಯಿ ಮುಚ್ಕೊಂಡಿರು" ಅಂದ.

"ಮುಚ್ಕೊಂಡೇ ಇದೀನಲ್ಲೋ, ಅರವತ್ತೊಂದು ವರ್ಷದಿಂದ."

"ನಮ್ಮ ಮನೇಲಿ ಅಂಥೋರು ಯಾರೂ ಇಲ್ಲ ಅಂತ ಮುಖ್ಯಸ್ಥರಿಗೆ ಸಹಿ ಹಾಕಿ ಕೊಟ್ಟಿದೀನಿ. ಈಗ ಇದು ಹೊರಗೆ ಬಂದ್ರೆ ಕೋಲು ಕಿತ್ಕೊಂಡು ಆಚೆ ಅಟ್ತಾರೆ. ನಿನ್ನ ಪೀಠನೂ ಹೋಗುತ್ತೆ. ನೀನು ಸತ್ರೆ ನಮ್ಮ ಸಾಲಲ್ಲಿ ಹೂಳೋಕೂ ಬಿಡಲ್ಲ, ಗೊತ್ತಾ?"

"ಲಗೂನಿನಾಚೆ ಹೂಳ್ತಾರೆ. ಪುರಸಭೆ ದಾರಿ ಮಾಡ್ಕೊಡ್ತಿದೆಯಲ್ಲ."

"ತಮಾಷೆ ಸಾಕು! ಕಲ್ಲಿನ ಮೇಲೆ ಒಂದು ಸಾಲು. ಅದನ್ನ ಯಾವನು ಓದ್ತಾನೆ?"

"ನಾನು ಓದ್ತೀನಿ" ಅಂದೆ. ಅಲ್ಲಿಯವರೆಗೆ ನನಗೂ ಗೊತ್ತಿರಲಿಲ್ಲ ನಾನು ಹಾಗೆ ಅನ್ನುತ್ತೇನೆಂದು.

ಅವನು ಅತ್ತ. ಎಪ್ಪತ್ತರ ಗಂಡಸು, ನಮ್ಮ ಅಂಗಳದ ಬೆಂಚಿನ ಮೇಲೆ ಕೂತು, ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತ. ಅವನನ್ನು ಬೈಯಬೇಡ. ಹೆದರಿಕೆ ನನಗೂ ಇದೆ. ಕೈ ಇರುವ ಕುರ್ಚಿಯ ಮೇಲೆ ನನಗೆ ಆಸೆ ಇಲ್ಲ ಎಂದರೆ ನೀನು ನಂಬಬೇಡ. ಮದುವೆಗೆ, ಸಾವಿಗೆ ಊರು ನನ್ನನ್ನು ಕರೆಯುತ್ತದೆ, ಮಾತು ಕೇಳುತ್ತದೆ. ಅದು ನನಗೆ ಇಷ್ಟ.

ಶನಿವಾರ ಸಂಜೆ ನೀನು ಹೊರಡುವಾಗ ಕಲ್ಲುಕುಟಿಗನಿಗೆ ಕೊಡುವ ಪಟ್ಟಿಯನ್ನು ಮೇಜಿನ ಮೇಲಿಟ್ಟು, "ಟೀಚರಮ್ಮ ಅಲ್ವಾ, ಅಕ್ಷರ ತಪ್ಪಿದ್ರೆ ನೋಡಿಡು" ಎಂದು ಹೋದೆಯಲ್ಲ. ಮೂರು ದಿನದಿಂದ ಅದನ್ನೇ ನೋಡುತ್ತಿದ್ದೇನೆ. ನಾಲ್ಕನೇ ಸಾಲು: ದೋರ್ಕಾಸ್ ಎಂದು ಕರೆದ ಲಾರಿಬಾ. ಕೊಂಡದ್ದು ಬೊಂಜಿ ಮನೆ. ಸಂತಾನವಿಲ್ಲ.

ಒಂಬತ್ತು ವರ್ಷದ ಮಗುವನ್ನು ಅಷ್ಟು ದೂರ ನಡೆಸಿಕೊಂಡು ಬಂದರು. ಹೆಸರು ಬದಲಿಸಿದರು. ಊರಾಚೆ ಹೂಳಿದರು. ಈಗ ನಾವು ಪರಿಹಾರ ಎಂದು ಕಲ್ಲು ನಿಲ್ಲಿಸಿ, ಅದರ ಮೇಲೆ ಇವಳಿಗೆ ಮಕ್ಕಳೇ ಇರಲಿಲ್ಲ ಎಂದು ಕೆತ್ತಿಸುತ್ತಿದ್ದೇವೆ. ಅದನ್ನು ಕೆತ್ತಿಸುವವಳು ಅವಳದೇ ಮರಿಮಗಳ ಮಗಳು. ನನಗೆ ಸಂಕಟ ತಡೆಯಲಾಗುತ್ತಿಲ್ಲ ಮಾನ್ಸಾ. ಅನ್ನ ಸೇರುತ್ತಿಲ್ಲ.

ಪಟ್ಟಿ ಇದರ ಜೊತೆಗಿದೆ. ಅಕ್ಷರ ಎಲ್ಲ ಸರಿಯಾಗಿದೆ, ಒಂದು ಮಾತನ್ನು ಕೆಂಪು ಇಂಕಿನಲ್ಲಿ ಹೊಡೆದಿದ್ದೇನೆ. ಅದರ ಜಾಗದಲ್ಲಿ ಏನು ಬರಬೇಕೆಂದೂ ಬರೆದಿದ್ದೇನೆ: ಮಗಳು, ಮೊಮ್ಮಗಳು, ಮರಿಮಗಳು, ಅವಳ ಮಗಳು. ನಾಲ್ಕು ಹೆಸರು. ಕೊನೆಯದು ನಿನ್ನದು. ನಿನ್ನದನ್ನು ಹಾಕಿಸುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಇನ್ನೊಬ್ಬರ ಮೂಲ ಹೇಳಬಾರದು ಎಂದಷ್ಟೇ ಕಾನೂನು, ಅದು ನನಗೂ ಅನ್ವಯಿಸುತ್ತದೆ. ತನ್ನದನ್ನು ಹೇಳಬಾರದು ಎಂದು ಯಾರೂ ಹೇಳಿಲ್ಲ. ಶುಕ್ರವಾರ ಮತಕ್ಕೆ ಮುಂಚೆ ನಾನು ಬಂದು ನಿಲ್ಲುತ್ತೇನೆ. ಅಂಥವರು ಯಾರೂ ಇಲ್ಲ ಎಂದವರಿಗೆ ನನ್ನ ಮುಖ ತೋರಿಸುತ್ತೇನೆ. ಆಮೇಲೆ ಪೀಠ ಇಟ್ಟರೆ ಇಡಲಿ, ತೆಗೆದರೆ ತೆಗೆಯಲಿ. ಬರುವ ಶನಿವಾರ ಕಲ್ಲಿಗೆ ಮುಚ್ಚಿದ ಬಟ್ಟೆ ಎಳೆಯಲು ಕೊಂಡ ಮನೆಯ ಹಿರಿಯಮ್ಮನಾಗಿ ನನ್ನನ್ನು ಕರೆಯಬೇಡ. ನಾನು ಆಚೆ ಬದಿಗೆ ನಿಂತಿರುತ್ತೇನೆ, ಸೆರಗಿನಲ್ಲಿ ಸಜ್ಜೆ ಇರುತ್ತದೆ. ಬೋಗುಣಿ ತರಬೇಡ, ನನ್ನ ಕಾಲು ನಾನೇ ತೊಳೆದುಕೊಂಡು ಬರುತ್ತೇನೆ.

ನಿನ್ನ ಮೇಲೆ ಸಿಟ್ಟಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಲಾರಿಬಾಳ ಮರಿಮಗಳು, ನಿನ್ನ ಅಮ್ಮ,
ಆರಬಾ

ಮರೆತ ಮಾತು: ಮರೆತೆ ಎಂದರೆ ಅದೂ ಸುಳ್ಳಾಗುತ್ತದೆ. ಗೆದ್ದಲು ಪಾಪ ಏನೂ ಮಾಡಿಲ್ಲ. ಆ ಹಾಳೆಯನ್ನು ಹರಿದವಳು ನಾನು. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ, ನನ್ನ ಮದುವೆಗೆ ಮುಂಚೆ, ನಿನ್ನ ಅಪ್ಪನ ಮನೆಯವರು ಪರ ಊರಿನಿಂದ ಒಂದು ಶನಿವಾರ ವಿಚಾರಣೆಗೆ ಬರುವವರಿದ್ದರು, ಹೆಣ್ಣಿನ ಮನೆಯ ಮೂಲ ಸರಿಯಿದೆಯೇ ಎಂದು ನೋಡಲು. ಊರವರು ಬಾಯಿ ಬಿಡುವುದಿಲ್ಲ, ಪುಸ್ತಕ ಬಿಡುತ್ತದೆ. ಭಾನುವಾರದ ಶಾಲೆಯ ಟೀಚರಾದ್ದರಿಂದ ಕಪಾಟಿನ ಕೀಲಿ ನನ್ನ ಹತ್ತಿರ ಇತ್ತು. ಟಾವಿಯಾ ಅಲ್ಲೇ ಹಿತ್ತಾಳೆ ದೀಪ ಉಜ್ಜುತ್ತಿದ್ದಳು, ನನ್ನ ಜೀವದ ಗೆಳತಿ. ನೋಡಿದಳು. "ಆರಬಾ, ಪಾಪ ಅವಳಿಗೆ ಇದ್ದದ್ದು ಅದೊಂದೇ ಹಾಳೆ ಕಣೇ" ಅಂದಳು. ನಿನಗೇನು ಗೊತ್ತು, ನಿನ್ನನ್ನು ಯಾರೂ ಕೇಳಲ್ಲ ಎಂದು ಕೂಗಾಡಿದೆ. ಅವತ್ತು ನಿಂತ ಮಾತು, ಮೊನ್ನೆ ನೀರು ಕೇಳುವವರೆಗೆ ಅವಳು ಆಡಲಿಲ್ಲ. ಬೇರೆ ಯಾರಿಗೂ ಹೇಳಲೂ ಇಲ್ಲ. ನಿನ್ನ ಅಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ. ಸಂತಾನವಿಲ್ಲ ಎಂದು ಬರೆದವಳು ನೀನಲ್ಲ, ನಾನು. ಸುಡಲು ಮನಸ್ಸಾಗದೆ ಹಾಡಿನ ಪುಸ್ತಕದ ಹಿಂದಿನ ರಟ್ಟಿನೊಳಗೆ ಅಂಟಿಸಿಟ್ಟಿದ್ದೆ, ನಿನ್ನೆ ಬಿಡಿಸಿದೆ. ಹಾಳೆ ಇದರ ಒಳಗಿದೆ. ಮಡಿಕೆಯಲ್ಲಿ ಹರಿದಿದೆ, ಮೆಲ್ಲಗೆ ಬಿಚ್ಚು. ಮೂರನೇ ಹೆಸರು ನನ್ನ ಅಜ್ಜಿಯದು.